ಮನೆವಾರ್ತೆ: ಗೀಸರಿನ ನೀರು ಏಕೆ ಕಾಯುವುದಿಲ್ಲ?

ಹಿಂದೆ ಬಚ್ಚಲುಮನೆಯ ಮೂಲೆಯಲ್ಲಿ ತಾಮ್ರದ ಹಂಡೆ ಇರುತ್ತಿತ್ತು. ಒಲೆಗೆ ಸೌದೆ, ತೆಂಗಿನ ಗರಿ, ಕಾಯಿಯ ಸಿಪ್ಪೆ ತುರುಕಿದರೆ ನೀರು ಕಾಯುತ್ತಿತ್ತು. ಕಾಯದಿದ್ದರೆ ಕಾರಣ ಹುಡುಕುತ್ತಾ ಕೂರಬೇಕಾಗಿರಲಿಲ್ಲ. ಒಂದೋ ಸೌದೆ ಹಸಿ, ಇಲ್ಲವೇ ಬೆಂಕಿ ಆರಿದೆ. ಈಗ ಹಂಡೆಯ ಬದಲು ಗೋಡೆಯ ಮೇಲೊಂದು ಪೆಟ್ಟಿಗೆಯಿದೆ. ಅದರೊಳಗೆ ಏನು ನಡೆಯುತ್ತಿದೆಯೆಂದು ಕಣ್ಣಿಗೆ ಕಾಣುವುದಿಲ್ಲ. ಬಿಸಿನೀರಿನ ಬದಲು ಉಗುರು ಬೆಚ್ಚಗಿನ ನೀರು ಬರತೊಡಗಿದರೆ, ಗೀಸರ್ ಹಾಳಾಯಿತೆಂದು ತೀರ್ಮಾನಿಸಿ ಹೊಸದಕ್ಕೆ ಹಣ ಹೊಂದಿಸುವ ಯೋಚನೆ ಮನೆಯಲ್ಲಿ ಶುರುವಾಗುತ್ತದೆ.

ಸ್ವಲ್ಪ ತಾಳಿ. ನೀರು ಕಾಯದಿರುವುದಕ್ಕೆ ಇರುವ ಕಾರಣಗಳಲ್ಲಿ ಅರ್ಧದಷ್ಟನ್ನು ಯಾವ ಉಪಕರಣವೂ ಇಲ್ಲದೆ ಗೃಹಿಣಿಯೇ ಪತ್ತೆ ಹಚ್ಚಬಹುದು. ಹಾಗೆ ಪತ್ತೆ ಹಚ್ಚುವುದು ಹಣದ ದೃಷ್ಟಿಯಿಂದ ಮಾತ್ರವಲ್ಲ, ಗ್ಯಾಸ್ ಗೀಸರ್ ಇರುವ ಮನೆಗಳಲ್ಲಿ ಪ್ರಾಣದ ದೃಷ್ಟಿಯಿಂದಲೂ ಅಗತ್ಯ. ಅಲ್ಲಿ ನೀರು ಸರಿಯಾಗಿ ಕಾಯದಿರುವುದು ಕೆಲವೊಮ್ಮೆ ಒಂದು ದೊಡ್ಡ ಅಪಾಯದ ಮೊದಲ ಸೂಚನೆಯಾಗಿರುತ್ತದೆ.

ನಿಮ್ಮದು ಯಾವ ಗೀಸರ್?

ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಮೂರು ಬಗೆಯ ಗೀಸರುಗಳಿವೆ. ಮೊದಲನೆಯದು 10, 15 ಅಥವಾ 25 ಲೀಟರಿನ ಟ್ಯಾಂಕ್ ಇರುವ ಕರೆಂಟಿನ ಗೀಸರ್. ಇದು ನೀರನ್ನು ಕಾಯಿಸಿ ಇಟ್ಟುಕೊಳ್ಳುತ್ತದೆ. ಎರಡನೆಯದು ಇನ್‌ಸ್ಟಂಟ್ ಗೀಸರ್. ಇದರಲ್ಲಿ ಒಂದರಿಂದ ಮೂರು ಲೀಟರ್ ನೀರು ಮಾತ್ರ ಹಿಡಿಯುತ್ತದೆ, ಹರಿಯುತ್ತಿರುವಾಗಲೇ ನೀರು ಕಾಯಬೇಕು. ಮೂರನೆಯದು ಗ್ಯಾಸ್ ಗೀಸರ್. ಇದಕ್ಕೆ ಟ್ಯಾಂಕೇ ಇಲ್ಲ. ಉರಿಯ ಮೇಲೆ ತಾಮ್ರದ ಕೊಳವೆಯ ಸುರುಳಿ ಇರುತ್ತದೆ, ಅದರ ಸುತ್ತ ತೆಳುವಾದ ತಗಡಿನ ಎಲೆಗಳಿರುತ್ತವೆ. ಸುರುಳಿಯೊಳಗೆ ಹಾದುಹೋಗುವ ಕೆಲವೇ ಕ್ಷಣಗಳಲ್ಲಿ ನೀರು ಬಿಸಿಯಾಗಿ ಹೊರಬರುತ್ತದೆ. ರೋಗ ಒಂದೇ ಆದರೂ ಈ ಮೂರಕ್ಕೂ ಮದ್ದು ಬೇರೆ ಬೇರೆ.

ಬಕೆಟ್ ಮತ್ತು ಗಡಿಯಾರ

ಮೊದಲ ಪರೀಕ್ಷೆಗೆ ಬೇಕಾದದ್ದು 15 ಲೀಟರಿನ ಒಂದು ಬಕೆಟ್ ಮತ್ತು ಗಡಿಯಾರ. ಬಿಸಿನೀರಿನ ನಲ್ಲಿಯನ್ನು ಮಾತ್ರ ಪೂರ್ತಿ ತಿರುಗಿಸಿ, ಬಕೆಟ್ ತುಂಬಲು ಎಷ್ಟು ನಿಮಿಷ ಬೇಕೆಂದು ನೋಡಿ. ಆಮೇಲೆ ತಣ್ಣೀರಿನ ನಲ್ಲಿಯಿಂದ ಅದೇ ರೀತಿ ತುಂಬಿಸಿ.

ತಣ್ಣೀರು ಜೋರಾಗಿ ಬರುತ್ತಿದೆ, ಬಿಸಿನೀರು ಮಾತ್ರ ದಾರದಂತೆ ಬರುತ್ತಿದೆ, ಆದರೆ ಬಂದಷ್ಟು ಚೆನ್ನಾಗಿ ಕಾದಿದೆ ಎಂದಾದರೆ ಕಾಯಿಸುವ ಭಾಗಕ್ಕೆ ಏನೂ ಆಗಿಲ್ಲ. ದಾರಿಯಲ್ಲಿ ಎಲ್ಲೋ ತಡೆಯಿದೆ. ನಲ್ಲಿಯ ಬಾಯಿಯಲ್ಲಿರುವ ಜಾಲರಿ, ಶವರಿನ ತೂತುಗಳು, ಗೀಸರಿಗೆ ನೀರು ಬರುವಲ್ಲಿರುವ ಸಣ್ಣ ಜಾಲರಿ ಇವುಗಳಲ್ಲಿ ಮರಳು, ತುಕ್ಕು ಅಥವಾ ಸುಣ್ಣ ಕಟ್ಟಿಕೊಂಡಿರುತ್ತದೆ.

ನೀರು ಜೋರಾಗಿಯೇ ಬರುತ್ತಿದೆ, ಆದರೆ ಕಾದಿಲ್ಲ ಎಂದಾದರೆ ತೊಂದರೆ ಕಾಯಿಸುವ ಭಾಗದಲ್ಲಿದೆ, ಇಲ್ಲವೇ ಎಲ್ಲೋ ತಣ್ಣೀರು ಬೆರೆಯುತ್ತಿದೆ. ಮೊದಲ ಬಕೆಟ್ ಚೆನ್ನಾಗಿ ಕಾದಿದ್ದು ಮೂರನೆಯದು ತಣ್ಣಗಿದ್ದರೆ ಅದು ರೋಗವೇ ಅಲ್ಲ. ಗೀಸರಿನ ಶಕ್ತಿಯೇ ಅಷ್ಟು.

ಲೆಕ್ಕ ಹಾಕಿ ನೋಡಿ

ಸ್ನಾನಕ್ಕೆ ಹಿತವಾದ ನೀರು ಸುಮಾರು 40 ಡಿಗ್ರಿ. ಚಳಿಗಾಲದಲ್ಲಿ ಬಯಲುಸೀಮೆಯ ಮನೆಗಳ ಮಹಡಿ ಮೇಲಿನ ಟ್ಯಾಂಕಿನ ನೀರು ಬೆಳಗಿನ ಹೊತ್ತು 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. 15 ಲೀಟರಿನ ಗೀಸರ್ ನೀರನ್ನು 60 ಡಿಗ್ರಿಗೆ ಕಾಯಿಸಿತೆನ್ನಿ. ಅದಕ್ಕೆ ಅಷ್ಟೇ ತಣ್ಣೀರು ಬೆರೆಸಿದರೆ 40 ಡಿಗ್ರಿಯ 30 ಲೀಟರ್, ಅಂದರೆ ಎರಡು ಬಕೆಟ್. ಮತ್ತೆ ಕಾಯಲು 2 ಕಿಲೋವ್ಯಾಟಿನ ಗೀಸರಿಗೆ 20ರಿಂದ 25 ನಿಮಿಷ ಬೇಕು. ಆರು ಮಂದಿ ಒಬ್ಬರ ಹಿಂದೊಬ್ಬರು ಸ್ನಾನಕ್ಕೆ ಹೋಗುವ ಮನೆಯಲ್ಲಿ ಮೂರನೆಯವರಿಗೆ ತಣ್ಣೀರು ಸಿಕ್ಕಿದರೆ ಗೀಸರನ್ನು ದೂರಿ ಪ್ರಯೋಜನವಿಲ್ಲ. ಸರದಿ ಬದಲಿಸಬೇಕು, ಇಲ್ಲವೇ ದೊಡ್ಡ ಗೀಸರ್ ಬೇಕು.

ಇನ್‌ಸ್ಟಂಟ್ ಗೀಸರಿನ ಲೆಕ್ಕ ಬೇರೆ. 3 ಕಿಲೋವ್ಯಾಟಿನ ಗೀಸರ್ ಒಂದು ನಿಮಿಷಕ್ಕೆ ಸುಮಾರು 2 ಲೀಟರ್ ನೀರನ್ನು ಮಾತ್ರ 20 ಡಿಗ್ರಿಯಷ್ಟು ಬಿಸಿ ಮಾಡಬಲ್ಲದು. ಒಂದು ಬಕೆಟ್ ತುಂಬಲು ಏಳು ನಿಮಿಷ. ಅವಸರಕ್ಕೆ ನಲ್ಲಿಯನ್ನು ಪೂರ್ತಿ ತಿರುಗಿಸಿ ನಿಮಿಷಕ್ಕೆ 6 ಲೀಟರ್ ಹರಿಸಿದರೆ ನೀರು 7 ಡಿಗ್ರಿಯಷ್ಟೇ ಬಿಸಿಯಾದೀತು. 'ಹೊಸ ಗೀಸರ್ ಕೂಡ ಕಾಯುತ್ತಿಲ್ಲ' ಎಂಬ ದೂರಿಗೆ ಎಷ್ಟೋ ಸಲ ಕಾರಣ ಇಷ್ಟೇ. ನಲ್ಲಿಯನ್ನು ಸಣ್ಣಗೆ ಬಿಡುವುದೇ ಪರಿಹಾರ.

ಇನ್ನೊಂದು ವಿಷಯ ಕೊಳವೆಯ ಉದ್ದ. ಅರ್ಧ ಇಂಚಿನ ಪೈಪು 10 ಮೀಟರ್ ಇದ್ದರೆ ಅದರೊಳಗೆ ಒಂದೂಮುಕ್ಕಾಲು ಲೀಟರಿನಷ್ಟು ತಣ್ಣೀರು ನಿಂತಿರುತ್ತದೆ. ಅದು ಹೊರಗೆ ಹೋದ ಮೇಲೆಯೇ ಬಿಸಿನೀರು ಬರುವುದು. ಬೆಳಗಿನ ಜಾವ ಫಜ್ರ್‌ಗೆ ಎದ್ದು ಬೇರೆ ಕೋಣೆಯ ಬೇಸಿನಿನಲ್ಲಿ ವುಝೂ ಮಾಡುವವರಿಗೆ ಬಿಸಿನೀರು ತಲುಪುವಷ್ಟರಲ್ಲಿ ವುಝೂ ಮುಗಿದೇ ಹೋಗಿರುತ್ತದೆ! ಗೀಸರಿನ ಹತ್ತಿರದ ನಲ್ಲಿಯಿಂದ ಒಂದು ಚೊಂಬಿನಲ್ಲಿ ನೀರು ಹಿಡಿದುಕೊಂಡರೆ ವಯಸ್ಸಾದವರಿಗೂ ಅನುಕೂಲ, ನೀರೂ ಪೋಲಾಗುವುದಿಲ್ಲ.

ಕರೆಂಟಿನ ಗೀಸರ್ ಸೋತಾಗ

ಟ್ಯಾಂಕ್ ಇರುವ ಗೀಸರಿನಲ್ಲಿ ಕೆಂಪು ದೀಪವೇ ನಿಮ್ಮ ಸಾಕ್ಷಿ. ನೀರು ಕಾಯುವಾಗ ಅದು ಉರಿಯುತ್ತದೆ, ನಿಗದಿತ ಬಿಸಿ ತಲುಪಿದಾಗ ಆರುತ್ತದೆ. ಸ್ವಿಚ್ ಹಾಕಿದ ಐದು ನಿಮಿಷಕ್ಕೇ ದೀಪ ಆರಿ, ನೀರು ಉಗುರು ಬೆಚ್ಚಗಿದ್ದರೆ ಥರ್ಮೋಸ್ಟಾಟ್ ಕೆಟ್ಟಿದೆ ಅಥವಾ ಅದರ ಗುಬಟು ಕಡಿಮೆಯಲ್ಲಿದೆ. ದೀಪ ಉರಿಯುವುದೇ ಇಲ್ಲವೆಂದರೆ ಕರೆಂಟ್ ಒಳಗೆ ಹೋಗುತ್ತಿಲ್ಲ, ಇಲ್ಲವೇ ಅತಿಯಾಗಿ ಕಾದಾಗ ಕರೆಂಟ್ ಕಡಿಯುವ ಕಟ್‌ಔಟ್ ಬಿದ್ದಿದೆ. ಒಂದು ಗಂಟೆ ಕಳೆದರೂ ದೀಪ ಆರದೆ ನೀರೂ ಕಾಯದಿದ್ದರೆ ಕಾಯಿಲ್ ಸೋತಿದೆ, ತಣ್ಣೀರು ಬೆರೆಯುತ್ತಿದೆ ಅಥವಾ ವೋಲ್ಟೇಜ್ ಕಡಿಮೆಯಿದೆ.

ವೋಲ್ಟೇಜಿನ ಪರಿಣಾಮ ನಾವು ಭಾವಿಸುವುದಕ್ಕಿಂತ ಹೆಚ್ಚು. 230 ವೋಲ್ಟ್ ಇರಬೇಕಾದಲ್ಲಿ 180 ಮಾತ್ರ ಬಂದರೆ ಕಾಯಿಲಿನ ಶಕ್ತಿ ನೂರಕ್ಕೆ 60ಕ್ಕೆ ಇಳಿಯುತ್ತದೆ. ಅರ್ಧ ಗಂಟೆಯ ಕೆಲಸಕ್ಕೆ ಮುಕ್ಕಾಲು ಗಂಟೆಗೂ ಹೆಚ್ಚು ಬೇಕು. ಹಳ್ಳಿಗಳಲ್ಲಿ ಬೆಳಗ್ಗೆ ಎಲ್ಲರೂ ಪಂಪ್ ಹಾಕುವ ಹೊತ್ತಿಗೆ ಟ್ಯೂಬ್‌ಲೈಟೂ ಮಂಕಾಗಿದ್ದರೆ ಗೀಸರನ್ನು ಬಿಚ್ಚುವ ಅಗತ್ಯವಿಲ್ಲ. ಹೊತ್ತು ಬದಲಿಸಿ ನೋಡಿ.

ಗೀಸರನ್ನು ಬಿಚ್ಚುವ ಕೆಲಸ ಎಲೆಕ್ಟ್ರಿಷಿಯನ್‌ನದು. ನೀರು ಮುಟ್ಟಿದಾಗ ಸಣ್ಣಗೆ ಜುಮ್ಮೆಂದರೂ ಅದನ್ನು ಬಳಸಬೇಡಿ. ಅರ್ಥಿಂಗ್ ಸರಿಯಿಲ್ಲವೆಂದು ಅರ್ಥ.

ತಣ್ಣೀರಿನ ಕಳ್ಳದಾರಿ

ಎಷ್ಟೋ ಮೆಕ್ಯಾನಿಕ್‌ಗಳೂ ಮರೆಯುವ ಒಂದು ಕಾರಣವಿದೆ. ಬಿಸಿ ಮತ್ತು ತಣ್ಣೀರು ಎರಡೂ ಸೇರುವ ಮಿಕ್ಸರ್ ನಲ್ಲಿ ಇಂದು ಎಲ್ಲ ಕಡೆ ಇದೆ. ಅದರ ಒಳಗಿನ ವಾಷರ್ ಸವೆದರೆ ತಣ್ಣೀರು ಹಿಂಬದಿಯಿಂದ ಬಿಸಿನೀರಿನ ಪೈಪಿಗೆ ನುಗ್ಗುತ್ತದೆ. ಮಿಕ್ಸರಿನ ಎರಡೂ ಹಿಡಿಗಳನ್ನು ತೆರೆದಿಟ್ಟು ಕೈಶವರನ್ನು ಮಾತ್ರ ಮುಚ್ಚಿಟ್ಟರೂ ಹೀಗೇ ಆಗುತ್ತದೆ. ಗೀಸರ್ ಚೆನ್ನಾಗಿಯೇ ಕಾಯಿಸುತ್ತದೆ, ನಮಗೆ ತಲುಪುವುದು ಮಾತ್ರ ಉಗುರು ಬೆಚ್ಚಗಿನ ನೀರು.

ಪರೀಕ್ಷೆ ಸುಲಭ. ಗೀಸರಿನ ಸ್ವಿಚ್ ಆರಿಸಿ. ಅದಕ್ಕೆ ತಣ್ಣೀರು ಬರುವ ವಾಲ್ವನ್ನು ಪೂರ್ತಿ ಮುಚ್ಚಿ. ಈಗ ಬಿಸಿನೀರಿನ ನಲ್ಲಿ ತೆರೆಯಿರಿ. ಸ್ವಲ್ಪ ನೀರು ಬಂದು ನಿಂತರೆ ಸರಿಯಿದೆ. ಒಂದೇ ಸಮನೆ ಹರಿಯುತ್ತಲೇ ಇದ್ದರೆ ಆ ನೀರು ಗೀಸರಿನಿಂದ ಬರುತ್ತಿಲ್ಲ, ಯಾವುದೋ ಮಿಕ್ಸರಿನ ಕಳ್ಳದಾರಿಯಿಂದ ಬರುತ್ತಿದೆ. ಹೊಸ ಗೀಸರ್ ಬೇಡ, ಹೊಸ ವಾಷರ್ ಸಾಕು. ಪರೀಕ್ಷೆ ಮುಗಿದ ಮೇಲೆ ವಾಲ್ವ್ ತೆರೆದು, ನಲ್ಲಿಯಲ್ಲಿ ನೀರು ತುಂಬಿ ಹರಿಯುವುದನ್ನು ನೋಡಿಯೇ ಸ್ವಿಚ್ ಹಾಕಬೇಕು. ಖಾಲಿ ಗೀಸರಿಗೆ ಸ್ವಿಚ್ ಹಾಕಿದರೆ ಕಾಯಿಲ್ ಸುಟ್ಟುಹೋಗುತ್ತದೆ.

ಸುಣ್ಣದ ಪೊರೆ

ಕೋಲಾರ, ತುಮಕೂರು, ವಿಜಯಪುರ, ರಾಯಚೂರು ಮುಂತಾದ ಕಡೆ ಬೋರ್‌ವೆಲ್ ನೀರು ಬಳಸುವ ಮನೆಗಳಲ್ಲಿ ಗೀಸರಿನ ಮುಖ್ಯ ಶತ್ರು ಗಡಸು ನೀರು. ಸೋಪು ನೊರೆ ಬರುವುದಿಲ್ಲ, ಸ್ಟೀಲ್ ನಲ್ಲಿಯ ಮೇಲೆ ಬಿಳಿ ಕಲೆ, ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಬಿಳಿ ಪೊರೆ. ಇವು ಅದರ ಗುರುತುಗಳು. ಭಾರತೀಯ ಮಾನಕ ಸಂಸ್ಥೆಯ ಪ್ರಕಾರ ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು. ಬೇರೆ ಮೂಲವಿಲ್ಲದಿದ್ದರೆ 600ರವರೆಗೆ ಒಪ್ಪಬಹುದು.

ಲೀಟರಿಗೆ 400 ಮಿಲಿಗ್ರಾಂ ಇರುವ ನೀರನ್ನು ದಿನಕ್ಕೆ 100 ಲೀಟರ್ ಕಾಯಿಸಿದರೆ ತಿಂಗಳಿಗೆ 1,200 ಗ್ರಾಂ ಸುಣ್ಣದ ಅಂಶ ಗೀಸರಿನೊಳಗೆ ಹಾದುಹೋಗುತ್ತದೆ. ಅದರಲ್ಲಿ ನೂರಕ್ಕೆ ಒಂದು ಪಾಲು ಅಂಟಿಕೊಂಡರೂ ವರ್ಷಕ್ಕೆ 144 ಗ್ರಾಂ! ಅದು ಕಾಯಿಲಿನ ಮೇಲೆ ಕಂಬಳಿ ಹೊದ್ದಿಸಿದಂತೆ ಕೂರುತ್ತದೆ. ಬಿಸಿ ನೀರಿಗೆ ತಲುಪುವುದಿಲ್ಲ, ಕಾಯಿಲ್ ಒಳಗೊಳಗೇ ಕಾದು ಒಂದು ದಿನ ಸುಟ್ಟುಹೋಗುತ್ತದೆ. ಗೀಸರಿನಿಂದ ಚಟಪಟ ಸದ್ದು ಬರುತ್ತಿದ್ದರೆ ಅದು ಈ ಪೊರೆಯ ಸದ್ದೇ ಇರಬಹುದು.

ವರ್ಷಕ್ಕೊಮ್ಮೆ, ನೀರು ತುಂಬಾ ಗಡಸಾಗಿದ್ದರೆ ಆರು ತಿಂಗಳಿಗೊಮ್ಮೆ, ಬಿಚ್ಚಿ ಶುಚಿ ಮಾಡಿಸುವುದೇ ಇದಕ್ಕೆ ಮದ್ದು. ಗುಬಟನ್ನು 60 ಡಿಗ್ರಿಗಿಂತ ಮೇಲಿಡಬೇಡಿ. ಬಿಸಿ ಹೆಚ್ಚಿದಷ್ಟೂ ಸುಣ್ಣ ಬೇಗ ಕಟ್ಟುತ್ತದೆ. ಶವರ್ ಮತ್ತು ನಲ್ಲಿಯ ಜಾಲರಿಯನ್ನು ಬಿಚ್ಚಿ ವಿನೆಗರಿನಲ್ಲಿ ಅಥವಾ ನಿಂಬೆ ಉಪ್ಪು ಕರಗಿಸಿದ ನೀರಿನಲ್ಲಿ ಒಂದು ರಾತ್ರಿ ನೆನೆಸಿ ಹಳೆಯ ಟೂತ್‌ಬ್ರಷ್‌ನಿಂದ ಉಜ್ಜಿದರೆ ಸಾಕು. ಬಚ್ಚಲು ತೊಳೆಯುವ ಆಸಿಡ್ ಮಾತ್ರ ಬೇಡ. ಅದು ಲೋಹವನ್ನೇ ತಿನ್ನುತ್ತದೆ. ಬ್ಲೀಚಿಂಗ್ ಪೌಡರ್ ಜೊತೆ ಸೇರಿದರೆ ವಿಷದ ಗಾಳಿ ಏಳುತ್ತದೆ.

ಗ್ಯಾಸ್ ಗೀಸರಿನ ಸುರುಳಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಗ್ಯಾಸ್ ಗೀಸರಿನಲ್ಲಿ ನೀರು ಹರಿಯುವ ಒತ್ತಡದಿಂದಲೇ ಗ್ಯಾಸಿನ ವಾಲ್ವ್ ತೆರೆಯುತ್ತದೆ, ಬ್ಯಾಟರಿಯ ಕಿಡಿಯಿಂದ ಉರಿ ಹತ್ತುತ್ತದೆ. ಉರಿ ಹತ್ತುವುದೇ ಇಲ್ಲವೆಂದರೆ ಮೊದಲು ಬ್ಯಾಟರಿ ಬದಲಿಸಿ. ಆಮೇಲೆ ನೀರಿನ ಒತ್ತಡ ನೋಡಿ. ಮಹಡಿ ಮೇಲಿನ ಟ್ಯಾಂಕ್ ಗೀಸರಿಗಿಂತ ಸ್ವಲ್ಪವೇ ಎತ್ತರದಲ್ಲಿದ್ದರೆ ಒತ್ತಡ ಸಾಲದು. ಸಿಲಿಂಡರ್ ಮುಗಿಯುತ್ತಾ ಬಂದಾಗಲೂ ಉರಿ ಕುಗ್ಗುತ್ತದೆ.

ಉರಿ ಹತ್ತುತ್ತಿದೆ, ನೀರು ಮಾತ್ರ ಮೊದಲಿನಷ್ಟು ಕಾಯುತ್ತಿಲ್ಲ ಎಂದಾಗ ಎರಡು ಸಾಧ್ಯತೆಗಳಿವೆ. ಒಂದು, ಸುರುಳಿಯ ಒಳಗೆ ಸುಣ್ಣ ಕಟ್ಟಿದೆ. ಆಗ ನೀರಿನ ಹರಿವೂ ಕಡಿಮೆಯಾಗಿರುತ್ತದೆ. ಎರಡು, ಸುರುಳಿಯ ಹೊರಗೆ, ಆ ತಗಡಿನ ಎಲೆಗಳ ನಡುವೆ ಮಸಿ ಕಟ್ಟಿದೆ. ಇದೇ ಅಪಾಯದ ಸೂಚನೆ. ಪೆಟ್ಟಿಗೆಯ ಕಿಂಡಿಯಿಂದ ಉರಿಯನ್ನು ನೋಡಿ. ಉರಿ ನೀಲಿಯಾಗಿರಬೇಕು. ಹಳದಿಯಾಗಿ ಕುಣಿಯುತ್ತಿದ್ದರೆ, ಪೆಟ್ಟಿಗೆಯ ಮೇಲ್ಭಾಗ ಅಥವಾ ಗೋಡೆ ಕಪ್ಪಾಗಿದ್ದರೆ, ಗ್ಯಾಸ್ ಪೂರ್ತಿ ಉರಿಯುತ್ತಿಲ್ಲವೆಂದು ಅರ್ಥ. ಅರೆಬರೆ ಉರಿದ ಗ್ಯಾಸಿನಿಂದ ಹುಟ್ಟುವುದು ಕಾರ್ಬನ್ ಮೊನಾಕ್ಸೈಡ್ ಎಂಬ ವಿಷಾನಿಲ. ಮಸಿ ಕಟ್ಟಿದಷ್ಟೂ ಹೊಗೆ ಹೊರಹೋಗುವ ದಾರಿ ಮುಚ್ಚುತ್ತದೆ, ವಿಷ ಇನ್ನೂ ಹೆಚ್ಚುತ್ತದೆ. ಗೀಸರನ್ನು ಅಂದೇ ನಿಲ್ಲಿಸಿ, ಸರ್ವಿಸ್ ಮಾಡಿಸಿದ ಮೇಲೆಯೇ ಬಳಸಿ. ಗುಬಟು ತಿರುಗಿಸಿ ಉರಿ ಹೆಚ್ಚಿಸುವುದು ಪರಿಹಾರವಲ್ಲ.

ಕಣ್ಣಿಗೂ ಮೂಗಿಗೂ ತಿಳಿಯದ ವಿಷ

ಅಡುಗೆ ಗ್ಯಾಸ್ ಸೋರಿದರೆ ವಾಸನೆ ಬರುತ್ತದೆ. ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಉಸಿರು ಕಟ್ಟಿದಂತೆಯೂ ಅನಿಸುವುದಿಲ್ಲ. ಅದು ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಲವಾಗಿ ಅಂಟಿಕೊಂಡು, ಮಿದುಳಿಗೂ ಹೃದಯಕ್ಕೂ ಆಮ್ಲಜನಕ ತಲುಪದಂತೆ ಮಾಡುತ್ತದೆ. ತಲೆನೋವು, ವಾಕರಿಕೆ, ತಲೆಸುತ್ತು, ಕಾಲಲ್ಲಿ ಶಕ್ತಿಯಿಲ್ಲದಿರುವುದು, ಕೊನೆಗೆ ಪ್ರಜ್ಞೆ ತಪ್ಪುವುದು ಇದರ ಲಕ್ಷಣಗಳು. ಬಾಗಿಲ ಚಿಲಕ ತೆಗೆಯಬೇಕೆಂದು ತಿಳಿದರೂ ಕೈ ಏಳುವುದಿಲ್ಲ.

ಐದಡಿ ಅಗಲ, ಏಳಡಿ ಉದ್ದ, ಎಂಟಡಿ ಎತ್ತರದ ಬಚ್ಚಲುಮನೆಯಲ್ಲಿ ಸುಮಾರು 8 ಘನ ಮೀಟರ್ ಗಾಳಿ ಇರುತ್ತದೆ. ನಿಮಿಷಕ್ಕೆ 6 ಲೀಟರಿನ ಗ್ಯಾಸ್ ಗೀಸರ್ 20 ನಿಮಿಷ ಬಿಡದೆ ಉರಿದರೆ 4 ಘನ ಮೀಟರ್ ಗಾಳಿ ಅದಕ್ಕೇ ಬೇಕು. ಅಂದರೆ ಕೋಣೆಯ ಅರ್ಧ ಗಾಳಿ! ಮುಚ್ಚಿದ ಕೋಣೆಯಲ್ಲಿ ಅಷ್ಟಾಗುವುದಕ್ಕೆ ಬಹಳ ಮೊದಲೇ ಆಮ್ಲಜನಕ ಕಡಿಮೆಯಾಗಿ ವಿಷ ಹುಟ್ಟತೊಡಗುತ್ತದೆ. ಹೊಸ ಗೀಸರ್ ಆದರೂ ಅಷ್ಟೇ.

ಸ್ನಾನಕ್ಕೆ ಹೋದವರು ಬಿದ್ದಿದ್ದಾರೆಂದರೆ ನಮ್ಮಲ್ಲಿ ಬಿಪಿ ಕಡಿಮೆಯಾಯಿತು, ಫಿಟ್ಸ್ ಬಂತು ಎನ್ನುತ್ತಾರೆ. ಕೆಲವೆಡೆ ದೃಷ್ಟಿ ತಾಗಿತೆಂದೂ ಹೇಳುವುದುಂಟು. ಭಾರತದ ನರರೋಗ ತಜ್ಞರು ಇದನ್ನು 'ಗ್ಯಾಸ್ ಗೀಸರ್ ಸಿಂಡ್ರೋಮ್' ಎಂದೇ ಕರೆದಿದ್ದಾರೆ. ಮೂರ್ಛೆ ರೋಗವೆಂದು ತಪ್ಪಾಗಿ ತಿಳಿದು ಮಾತ್ರೆ ಕೊಡುವ ಸಂಭವವೂ ಇದೆ. ಆದ್ದರಿಂದ ಬಚ್ಚಲಿನಲ್ಲಿ ಯಾರಾದರೂ ಪ್ರಜ್ಞೆ ತಪ್ಪಿದರೆ, 'ಮನೆಯಲ್ಲಿ ಗ್ಯಾಸ್ ಗೀಸರ್ ಇದೆ' ಎಂಬ ಒಂದು ಮಾತನ್ನು ವೈದ್ಯರಿಗೆ ಹೇಳಲು ಮರೆಯಬೇಡಿ.

ಬಾಣಂತಿ ಸ್ನಾನದ ಹೊತ್ತು

ನಮ್ಮ ಮನೆಗಳಲ್ಲಿ ಬಾಣಂತಿಗೆ ಧಾರಾಳ ಬಿಸಿನೀರು ಬೇಕು. ನಾಲ್ಕೈದು ಬಕೆಟ್ ಸುರಿಯದೆ ಹಿರಿಯರಿಗೆ ಸಮಾಧಾನವಿಲ್ಲ. ಟ್ಯಾಂಕಿನ ಗೀಸರ್ ಅಷ್ಟು ಕೊಡುವುದಿಲ್ಲವೆಂದು ಹೆರಿಗೆಯ ತಿಂಗಳಿಗೆ ಸರಿಯಾಗಿ ಗ್ಯಾಸ್ ಗೀಸರ್ ತರುವವರಿದ್ದಾರೆ. ಜೊತೆಗೆ ಗಾಳಿ ತಾಗಬಾರದೆಂದು ಬಾಗಿಲು ಭದ್ರ, ವೆಂಟಿಲೇಟರಿಗೆ ಬಟ್ಟೆ. ಒಳಗೆ ಬಾಣಂತಿ, ನೀರು ಹೊಯ್ಯುವವರು, ಕೆಲವೊಮ್ಮೆ ಮಗು. ಮುಚ್ಚಿದ ಕೋಣೆ, ಅರ್ಧ ಗಂಟೆ ಬಿಡದೆ ಉರಿಯುವ ಗ್ಯಾಸ್, ಹೆರಿಗೆಯಲ್ಲಿ ರಕ್ತ ಕಳೆದುಕೊಂಡ ದೇಹ. ಇದಕ್ಕಿಂತ ಅಪಾಯದ ಜೋಡಣೆ ಬೇರೊಂದಿಲ್ಲ. ಬಸುರಿಯರಿಗೂ ಅಷ್ಟೇ ಎಚ್ಚರ ಬೇಕು. ಹೊಟ್ಟೆಯಲ್ಲಿರುವ ಮಗುವಿಗೆ ಈ ವಿಷ ತಾಯಿಗಿಂತಲೂ ಹೆಚ್ಚು ಹಾನಿ ಮಾಡಬಲ್ಲದು.

ಹಿರಿಯರ ಕಾಳಜಿ ತಪ್ಪಲ್ಲ. ಹಂಡೆಯ ಕಾಲದಲ್ಲಿ ಹೊಗೆ ಕಣ್ಣಿಗೆ ಉರಿ ತರುತ್ತಿತ್ತು, ಕಿಟಕಿ ತೆರೆಯದೆ ನಿರ್ವಾಹವಿರಲಿಲ್ಲ. ಈ ಹೊಗೆ ಅಂಥ ಎಚ್ಚರಿಕೆ ಕೊಡುವುದಿಲ್ಲ ಎಂಬುದನ್ನು ಅತ್ತೆಗೆ, ಅಜ್ಜಿಗೆ, ನೀರು ಹೊಯ್ಯಲು ಬರುವವರಿಗೆ ಮೆದುವಾಗಿ ತಿಳಿಸಿ ಹೇಳಬೇಕು. ದಾರಿಯೂ ಇದೆ. ಬಾಗಿಲು ತೆರೆದಿಟ್ಟು ಬೇಕಾದ ಬಕೆಟುಗಳನ್ನೆಲ್ಲ ಮೊದಲೇ ತುಂಬಿಸಿ, ಗೀಸರ್ ಆರಿಸಿ, ಸ್ವಲ್ಪ ಗಾಳಿಯಾಡಲು ಬಿಟ್ಟ ಮೇಲೆ ಬಾಣಂತಿಯನ್ನು ಒಳಗೆ ಕರೆಯಿರಿ. ಆಮೇಲೆ ಬಾಗಿಲು ಮುಚ್ಚಿದರೂ ಭಯವಿಲ್ಲ.

ನೆನಪಿಡಿ

* ಗ್ಯಾಸ್ ಗೀಸರನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಬಾಲ್ಕನಿ ಅಥವಾ ಹಿತ್ತಲಿನ ಗೋಡೆಗೆ ಅಳವಡಿಸಿ ಬಿಸಿನೀರನ್ನು ಮಾತ್ರ ಪೈಪಿನಲ್ಲಿ ಒಳಗೆ ತರುವುದು ಎಲ್ಲಕ್ಕಿಂತ ಉತ್ತಮ. ಸಿಲಿಂಡರ್ ಕೂಡ ಹೊರಗೇ ಇರಲಿ.

* ಒಳಗೇ ಇದ್ದರೆ, ನೀರು ಹಿಡಿಯುವಾಗ ಬಾಗಿಲು ತೆರೆದಿರಲಿ, ಸ್ನಾನ ಮಾಡುವಾಗ ಗೀಸರ್ ಆರಿರಲಿ. ವೆಂಟಿಲೇಟರನ್ನು ಎಂದೂ ಮುಚ್ಚಬೇಡಿ. ಎಕ್ಸಾಸ್ಟ್ ಫ್ಯಾನ್ ಒಂದೇ ಸಾಲದು, ಹೊಸ ಗಾಳಿ ಒಳಬರಲು ದಾರಿ ಬೇಕು.

* ಯಾರಾದರೂ ಕುಸಿದರೆ ಮೊದಲು ಬಾಗಿಲು ತೆರೆದು ಅವರನ್ನು ಹೊರಗಿನ ಗಾಳಿಗೆ ತನ್ನಿ, ಗ್ಯಾಸ್ ಆರಿಸಿ, 108ಕ್ಕೆ ಕರೆ ಮಾಡಿ. ತಾವಾಗಿ ಎದ್ದು ಕೂತರೂ ಆಸ್ಪತ್ರೆಗೆ ಕರೆದೊಯ್ಯಿರಿ, ಆಮ್ಲಜನಕ ಕೊಡಬೇಕಾಗುತ್ತದೆ. ಗ್ಯಾಸ್ ಸೋರಿಕೆಯ ವಾಸನೆ ಬಂದರೆ 1906ಕ್ಕೆ ತಿಳಿಸಬಹುದು.

* ಕರೆಂಟಿನ ಗೀಸರ್ ಆದರೆ ಸ್ನಾನಕ್ಕೆ ಮೊದಲು ಸ್ವಿಚ್ ಆರಿಸಿ. ಕಾಯುವಾಗ ಸುರಕ್ಷಾ ವಾಲ್ವಿನಿಂದ ಹನಿ ಬೀಳುವುದು ಸಹಜ, ಅದನ್ನು ಮುಚ್ಚಿಬಿಡಬೇಡಿ.

* ಮಕ್ಕಳ ಬಕೆಟಿಗೆ ಮೊದಲು ತಣ್ಣೀರು, ಆಮೇಲೆ ಬಿಸಿನೀರು. 60 ಡಿಗ್ರಿಯ ನೀರು ಎಳೆಯ ಚರ್ಮವನ್ನು ಕೆಲವೇ ಕ್ಷಣಗಳಲ್ಲಿ ಸುಡುತ್ತದೆ.

ಬಿಸಿನೀರು ಬರದಿದ್ದರೆ ಒಂದು ದಿನ ತಣ್ಣೀರಿನಲ್ಲಿ ಸ್ನಾನ ಮಾಡಬಹುದು, ಒಲೆಯ ಮೇಲೆ ಪಾತ್ರೆ ಇಟ್ಟೂ ಕಾಯಿಸಬಹುದು. ಹಳದಿ ಉರಿಯ ಗೀಸರನ್ನು 'ಇವತ್ತೊಂದು ದಿನ' ಎಂದು ಹತ್ತಿಸುವುದು ಮಾತ್ರ ಬೇಡ. ಈ ಚಳಿಗಾಲದಲ್ಲಿ ಹೊಸ ಗೀಸರಿಗೆ ಹಣ ಕೂಡಿಸುವ ಮೊದಲು ಒಂದು ಬಕೆಟ್, ಒಂದು ಗಡಿಯಾರ ಹಿಡಿದು ಬಚ್ಚಲಿಗೆ ಹೋಗಿ. ಗ್ಯಾಸ್ ಗೀಸರ್ ಇದ್ದರೆ ಉರಿಯ ಬಣ್ಣವನ್ನೂ ನೋಡಿಬನ್ನಿ.